ಮಂಡಿಯ ಎಂಆರ್‌ಐ ವರದಿಯೊಂದನ್ನೇ ನೆಚ್ಚುವುದು ತರವಲ್ಲ

ಮಾನ್ಯ ಸಂಪಾದಕರೇ,

ಮಂಡಿನೋವೆಂದು ನನ್ನ ಬಳಿ ವ್ಯಾಯಾಮ ಚಿಕಿತ್ಸೆಗೆ ಬರುವ, ಐವತ್ತು ದಾಟಿದ ಅನೇಕರು ನೋವು ಎಲ್ಲಿ, ಯಾವಾಗ ಎಂದು ಹೇಳುವ ಮೊದಲೇ ಎಂಆರ್‌ಐ ವರದಿಯನ್ನು ಮುಂದಿಡುತ್ತಾರೆ. ಮೆನಿಸ್ಕಸ್ (ಮಂಡಿಯ ಮೂಳೆಗಳ ನಡುವಿನ ಮೆತ್ತೆ) ಹರಿದಿದೆ, ಕಾರ್ಟಿಲೇಜ್ (ಮೂಳೆಯ ತುದಿಯನ್ನು ಹೊದ್ದ ನುಣುಪಾದ ಮೃದ್ವಸ್ಥಿ) ಸವೆದಿದೆ ಎಂಬ ಸಾಲುಗಳನ್ನು ಓದಿ, ನಡೆದರೆ ಉಳಿದದ್ದೂ ಸವೆದುಹೋದೀತೆಂದು ಹೆದರಿ ಎಷ್ಟೋ ಜನ ನಡಿಗೆಯನ್ನೇ ಬಿಟ್ಟಿರುತ್ತಾರೆ. ತೊಡೆಯ ಸ್ನಾಯುಗಳು ಸೊರಗಿ ನೋವು ಇನ್ನಷ್ಟು ಹೆಚ್ಚುವುದನ್ನು ಪದೇ ಪದೇ ಕಂಡು ಈ ಪತ್ರ ಬರೆಯುತ್ತಿದ್ದೇನೆ.

ಎಂಆರ್‌ಐ ಅಸಾಧಾರಣ ಸಾಧನವೆಂಬುದರಲ್ಲಿ ನನಗೆ ಸಂಶಯವಿಲ್ಲ. ಎಕ್ಸ್‌ರೇಯಲ್ಲಿ ಕಾರ್ಟಿಲೇಜ್ ಕಾಣುವುದೇ ಇಲ್ಲ. ಮೂಳೆಗಳ ನಡುವಿನ ಅಂತರ ಕಿರಿದಾದುದನ್ನೂ ಅಂಚಿನಲ್ಲಿ ಮೂಳೆ ಮುಳ್ಳಿನಂತೆ ಬೆಳೆದುದನ್ನೂ ನೋಡಿ ಸವೆತವನ್ನು ಅಂದಾಜು ಮಾಡಬೇಕು. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ರೂಪಿಸಿದ, ಸವೆತದ ತೀವ್ರತೆಯನ್ನು ಅಳೆಯಲು ಇಂದಿಗೂ ಬಳಕೆಯಲ್ಲಿರುವ 0ಯಿಂದ 4ರವರೆಗಿನ ಶ್ರೇಣಿ ನಿಂತಿರುವುದು ಈ ಅಂದಾಜಿನ ಮೇಲೆಯೇ. ಅಂಗಾಂಶಗಳಲ್ಲಿನ ಹೈಡ್ರೋಜನ್ ಪರಮಾಣುಗಳು ಕಾಂತಕ್ಷೇತ್ರದಲ್ಲಿ ಹೊಮ್ಮಿಸುವ ಸಂಕೇತಗಳಿಂದ ಚಿತ್ರ ಕಟ್ಟುವ ಎಂಆರ್‌ಐ, ಕಾರ್ಟಿಲೇಜ್ ಮತ್ತು ಮೆನಿಸ್ಕಸ್ ಮಾತ್ರವಲ್ಲದೆ ಕೀಲಿನ ಒಳಪೊರೆಯ ಉರಿಯೂತವನ್ನೂ ಮೂಳೆಮಜ್ಜೆಯ ಬದಲಾವಣೆಗಳನ್ನೂ ತೋರಿಸುತ್ತದೆ. ಕಾರ್ಟಿಲೇಜಿಗೆ ನರಗಳಿಲ್ಲ, ಹಾಗಾದರೆ ನೋವು ಹುಟ್ಟುವುದೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಈ ಚಿತ್ರಗಳು ಬಹಳ ನೆರವಾಗಿವೆ. 2004ರಲ್ಲಿ ಅಮೆರಿಕದಲ್ಲಿ ಆರಂಭವಾದ ಆಸ್ಟಿಯೋಆರ್ಥ್ರೈಟಿಸ್ (ಕೀಲುಸವೆತ) ಇನಿಷಿಯೇಟಿವ್ ಎಂಬ ಅಧ್ಯಯನವು 45ರಿಂದ 79 ವಯಸ್ಸಿನ 4,796 ಜನರ ಮಂಡಿಗಳನ್ನು ವರ್ಷಗಟ್ಟಲೆ ಎಂಆರ್‌ಐ ಮೂಲಕ ಗಮನಿಸಿತು. ಸಂಶೋಧನೆಗೆ ಅದರಿಂದಾದ ಉಪಕಾರ ದೊಡ್ಡದು.

ಆದರೆ ಸಂಶೋಧಕನ ಕೈಯಲ್ಲಿ ಬೆಲೆಬಾಳುವ ಚಿತ್ರ, ನೋವಿನಿಂದ ಬಳಲುವ ಒಬ್ಬ ವ್ಯಕ್ತಿಯ ಮುಂದೆ ಅದೇ ಅರ್ಥವನ್ನು ಕೊಡುವುದಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ, ಎಕ್ಸ್‌ರೇಯಲ್ಲಿ ಸವೆತದ ಸುಳಿವೇ ಇಲ್ಲದ, 50 ದಾಟಿದ 710 ಜನರ ಮಂಡಿಗಳನ್ನು ಎಂಆರ್‌ಐಗೆ ಒಳಪಡಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 89 ಮಂದಿಯಲ್ಲಿ ಒಂದಲ್ಲ ಒಂದು ದೋಷ ಕಂಡುಬಂತು. ನೋವಿಲ್ಲದ ಮಂಡಿಗಳಲ್ಲೂ ಈ ಪ್ರಮಾಣ ಶೇ 86ಕ್ಕಿಂತ ಕಡಿಮೆಯಿರಲಿಲ್ಲ. ಅಲ್ಲಿಯದೇ 2008ರ ಇನ್ನೊಂದು ಅಧ್ಯಯನದ ಪ್ರಕಾರ, ಮೆನಿಸ್ಕಸ್ ಹರಿದಿದ್ದವರಲ್ಲಿ ಶೇ 61 ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ನೋವಾಗಲಿ ಬಿಗಿತವಾಗಲಿ ಇರಲಿಲ್ಲ. ಹೀಗಿರುವಾಗ, ಚಿತ್ರದಲ್ಲಿ ಕಂಡ ಹರುಕೇ ನೋವಿನ ಕಾರಣವೆಂದು ತೀರ್ಮಾನಿಸಿ ಶಸ್ತ್ರಚಿಕಿತ್ಸೆಯ ಮಾತಿಗೆ ಇಳಿಯುವುದು ಅವಸರದ ನಡೆ.

45 ದಾಟಿದವರಿಗೆ ಓಡಾಡಿದಾಗ ಕೀಲುನೋವು ಬರುತ್ತಿದ್ದು, ಬೆಳಗಿನ ಬಿಗಿತ ಇಲ್ಲದಿದ್ದರೆ ಅಥವಾ ಅರ್ಧ ಗಂಟೆಯೊಳಗೆ ಸಡಿಲವಾಗುತ್ತಿದ್ದರೆ, ಸಾಮಾನ್ಯವಾಗಿ ಯಾವ ಚಿತ್ರವೂ ಇಲ್ಲದೆಯೇ ಕೀಲುಸವೆತವನ್ನು ಗುರುತಿಸಬಹುದೆಂದು ವೈದ್ಯರಿಗೆ ಚಿಕಿತ್ಸಾ ಸಲಹೆ ನೀಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಚಿತ್ರ ಬೇಕೆನಿಸಿದರೂ ನಿಂತುಕೊಂಡು ತೆಗೆಸಿದ ಎಕ್ಸ್‌ರೇ ಮೊದಲು ಸಾಕು. ಎಂಆರ್‌ಐಯನ್ನು ಸಾಮಾನ್ಯವಾಗಿ ಮಲಗಿಸಿ ತೆಗೆಯುವುದರಿಂದ ಮೈಭಾರ ಹೊತ್ತ ಮಂಡಿ ಅದರಲ್ಲಿ ಕಾಣುವುದಿಲ್ಲ. ಪೆಟ್ಟು ಬಿದ್ದ ಮೇಲೆ ಮಂಡಿ ಸಿಕ್ಕಿಕೊಂಡು ಬಿಡಿಸಲಾಗದಿದ್ದರೆ, ನೋವು ಹಠಾತ್ತನೆ ತೀವ್ರವಾದರೆ, ಸೋಂಕು ಅಥವಾ ಗಡ್ಡೆಯ ಅನುಮಾನವಿದ್ದರೆ ಎಂಆರ್‌ಐಗೆ ಹಿಂದೆಮುಂದೆ ನೋಡಬಾರದೆಂಬುದನ್ನೂ ಅಷ್ಟೇ ಒತ್ತಿ ಹೇಳುತ್ತೇನೆ.

ರೇಡಿಯಾಲಜಿ ತಜ್ಞರಲ್ಲಿ ನನ್ನದೊಂದು ವಿನಂತಿಯಿದೆ. ವಯಸ್ಸಾದವರ ಮಂಡಿಯ ವರದಿಯಲ್ಲಿ ಇಂಥ ಬದಲಾವಣೆಗಳನ್ನು ಬರೆಯುವಾಗ, ಇವು ನೋವಿಲ್ಲದ ಸಮವಯಸ್ಕರಲ್ಲೂ ಸಾಮಾನ್ಯವಾಗಿ ಕಾಣುತ್ತವೆ ಎಂಬ ಒಂದು ಸಾಲನ್ನು ದಯವಿಟ್ಟು ಸೇರಿಸಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಫಿಸಿಯೋಥೆರಪಿಸ್ಟ್