ಬ್ಯಾಟರಿ ಬದಲಿಸಿ ಬಿಲ್ ಕೊಟ್ಟಿರಿ, ಕಾರ್ಬೊರೇಟರ್ ಮುಟ್ಟಿಯೂ ನೋಡಲಿಲ್ಲ

ಬೆಳಗಾವಿ
14 ಜುಲೈ 2025

ಸರ್ವಿಸ್ ಮ್ಯಾನೇಜರ್ ಅವರಿಗೆ,

ವಿಷಯ: ಕೂತು ಓಡಿಸುವ ಹುಲ್ಲು ಕತ್ತರಿಸುವ ಮಷೀನ್ ರಿಪೇರಿಯಲ್ಲಿ ಬೇಡದ ಬ್ಯಾಟರಿ ಹಾಕಿದ್ದು ಮತ್ತು ವಾರಂಟಿ ರದ್ದು ಎಂದಿದ್ದು

ಮಾನ್ಯರೇ,

ಖಾನಾಪುರ ರಸ್ತೆಯಲ್ಲಿ ನಮ್ಮ ಎರಡು ಎಕರೆ ಮಾವಿನ ತೋಟ ಇದೆ. ಕಳೆದ ಸೆಪ್ಟೆಂಬರಿನಲ್ಲಿ ನಿಮ್ಮ ಶೋರೂಮಿನಿಂದ ಈ ಮಷೀನ್ ತಂದೆವು. ಅಪ್ಪನಿಗೆ ಈಗ 71 ವರ್ಷ. ಹೆಗಲಿಗೆ ಹಾಕಿಕೊಳ್ಳುವ ಬ್ರಷ್ ಕಟರ್ ಅವರಿಗೆ ಆಗುವುದಿಲ್ಲ, ತೋಟಕ್ಕೆ ಹೋಗದೆ ಇರೋದೂ ಆಗುವುದಿಲ್ಲ. ಅದಕ್ಕೇ ಸಾಲ ಮಾಡಿ ಕೊಂಡದ್ದು.

ನಮ್ಮ ಕಡೆ ಮಳೆ ಹಿಡಿದರೆ ಹುಲ್ಲು ನೋಡನೋಡುತ್ತ ಮೊಣಕಾಲು ಮುಟ್ಟುತ್ತದೆ. ಹಾವಿಗೆ ಹೆದರಿ ಆಳುಗಳು ಗಿಡದ ಬುಡಕ್ಕೆ ಹೋಗುವುದಿಲ್ಲ. ಜೂನ್ 20ಕ್ಕೆ ಮಷೀನ್ ಹೊರಗೆ ತೆಗೆದೆ. ಬ್ರೇಕ್ ಒತ್ತಿ, ಬ್ಲೇಡ್ ಆಫ್ ಇದೆ ಅಂತ ನೋಡಿ, ಚೋಕ್ ಎಳೆದು ಕೀ ತಿರುಗಿಸಿದೆ. ಎಂಜಿನ್ ಗರಗರ ಅಂತ ಜೋರಾಗಿಯೇ ಸುತ್ತಿತು, ಚಾಲೂ ಮಾತ್ರ ಆಗಲಿಲ್ಲ.

ಅವತ್ತೇ ಫೋನ್ ಮಾಡಿದೆ. ಎಂಜಿನ್ ಚೆನ್ನಾಗಿ ಸುತ್ತುತ್ತಿದೆ, ಮೀಟರ್ ಇಟ್ಟರೆ ಬ್ಯಾಟರಿ 12.5 ವೋಲ್ಟ್ ತೋರಿಸುತ್ತಿದೆ ಅಂತ ಬಿಡಿಸಿ ಹೇಳಿದೆ. ನಾಲ್ಕು ದಿನ ಬಿಟ್ಟು ನಿಮ್ಮ ಮೆಕ್ಯಾನಿಕ್ ಬಂದರು. ಒಂದೇ ಸಲ ಕೀ ತಿರುಗಿಸಿ, 'ಬ್ಯಾಟರಿ ಡೌನ್' ಅಂದರು. ಬ್ಯಾಟರಿ ಸತ್ತಿದ್ದರೆ ಎಂಜಿನ್ ಅಷ್ಟು ಜೋರಾಗಿ ಸುತ್ತುವುದಾದರೂ ಹೇಗೆ? ಸ್ಟಾರ್ಟರಿಗೆ ಕರೆಂಟ್ ಬಿಡುವ ಸ್ವಿಚ್ಚು, ಸೊಲೆನಾಯ್ಡ್, ಟಿಕ್ ಟಿಕ್ ಅಂತ ಸುಮ್ಮನಾಗುತ್ತಿತ್ತು, ಅಲ್ವಾ? ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಹೊಸ ಬ್ಯಾಟರಿ ಹಾಕಿದರು. ಆಗಲೂ ಚಾಲೂ ಆಗಲಿಲ್ಲ. 'ಕಾರ್ಬೊರೇಟರ್ (ಎಂಜಿನ್ನಿಗೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಕೊಡುವ ಭಾಗ) ಹೋಗಿದೆ, ಹೊಸದು ತರಿಸಬೇಕು' ಅಂತ ಹೇಳಿ, ಬ್ಯಾಟರಿಗೆ 3,900 ಮತ್ತು ಬಂದ ಚಾರ್ಜು 850, ಒಟ್ಟು 4,750 ರೂಪಾಯಿ ತೆಗೆದುಕೊಂಡು ಹೋದರು. ಹಳೆ ಬ್ಯಾಟರಿಯನ್ನೂ ಒಯ್ದರು. ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಿಚ್ಚಲಿಲ್ಲ, ಕಾರ್ಬೊರೇಟರಿಗೆ ಸ್ಪ್ಯಾನರ್ ಹಚ್ಚಲೂ ಇಲ್ಲ.

ಆಮೇಲೆ ಹತ್ತು ದಿನ ಫೋನ್ ಮಾಡಿದ್ದೇ ಬಂತು. ಕೊನೆಗೆ ಉದ್ಯಮಬಾಗದಲ್ಲಿ ಕೆಲಸ ಮಾಡುವ ನಮ್ಮ ಪರಿಚಯದ ಫಿಟ್ಟರ್ ಒಬ್ಬರು ಭಾನುವಾರ ಬಂದರು. ಮೊದಲು ಪ್ಲಗ್ ಬಿಚ್ಚಿದರು. ಅಷ್ಟು ಸಲ ಸುತ್ತಿಸಿದ್ದರೂ ತುದಿ ಒಣಗಿಯೇ ಇತ್ತು, ಪೆಟ್ರೋಲಿನ ವಾಸನೆಯೂ ಇಲ್ಲ. ಎಂಜಿನ್ನಿನ ಲೋಹಕ್ಕೆ ತಾಗಿಸಿ ನೋಡಿದರೆ ನೀಲಿ ಕಿಡಿ ಬಂತು. ಪ್ಲಗ್ ತೂತಿಗೆ ಒಂದು ಚಮಚ ಹೊಸ ಪೆಟ್ರೋಲ್ ಹಾಕಿ, ಪ್ಲಗ್ ಬಿಗಿ ಮಾಡಿ ಕೀ ತಿರುಗಿಸಿದರು. ಎಂಜಿನ್ ಎರಡು ಮೂರು ಸೆಕೆಂಡ್ ಓಡಿ ನಿಂತಿತು. 'ಕಿಡಿ ಇದೆ, ಕಂಪ್ರೆಷನ್ (ಎಂಜಿನ್ ಒಳಗಿನ ಒತ್ತಡ) ಇದೆ, ಪೆಟ್ರೋಲ್ ಬರ್ತಾ ಇಲ್ಲ' ಅಂದರು. ಕಾರ್ಬೊರೇಟರಿನ ಕೆಳಗಿನ ಬಟ್ಟಲು ಬಿಚ್ಚಿದಾಗ ತಳದಲ್ಲಿ ನೀರು ಬೇರೆಯಾಗಿ ನಿಂತಿತ್ತು. ಪೆಟ್ರೋಲ್ ಹಾಯುವ ಜೆಟ್ಟಿನ ಸಣ್ಣ ತೂತಿಗೆ ಕಂದು ಬಣ್ಣದ ಅಂಟು ಹತ್ತಿತ್ತು. ಸ್ಪ್ರೇ ಹೊಡೆದು, ಗಾಳಿ ಬಿಟ್ಟು ತೊಳೆದರು. ಟ್ಯಾಂಕ್ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿದ ಮೇಲೆ ಎರಡನೇ ಸಲಕ್ಕೇ ಚಾಲೂ ಆಯಿತು. ಮುಕ್ಕಾಲು ಗಂಟೆಯ ಕೆಲಸ. ಅಪ್ಪ ಅವತ್ತೇ ಕೂತು ನಾಲ್ಕು ಸಾಲು ಹೊಡೆದರು.

ಬೇಸಿಗೆಯಲ್ಲಿ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ನಿಲ್ಲಿಸಿದ್ದು ನಾನೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಡೆಲಿವರಿ ದಿನ ನಾನು ಕೇಳಿಯೇ ಕೇಳಿದ್ದೆ. 'ಹಾಗೇ ನಿಲ್ಲಿಸಿ, ಏನೂ ಆಗಲ್ಲ' ಅಂದವರು ನಿಮ್ಮವರೇ. ಮಷೀನಿನ ಜೊತೆ ಕೊಟ್ಟ ಪುಸ್ತಕ ಇಂಗ್ಲಿಷಿನಲ್ಲಿ ಮಾತ್ರ ಇದೆ. ಮಗಳ ಹತ್ತಿರ ಓದಿಸಿದಾಗ ಗೊತ್ತಾಯಿತು, ಶೇಕಡ 10ಕ್ಕಿಂತ ಜಾಸ್ತಿ ಎಥನಾಲ್ ಇರುವ ಪೆಟ್ರೋಲ್ ಹಾಕಬಾರದಂತೆ. ಈಗ ಬಂಕಿನಲ್ಲಿ ಸಿಗುವುದು ಶೇಕಡ 20 ಎಥನಾಲ್ ಸೇರಿಸಿದ್ದು. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಜಾಸ್ತಿ ಆದರೆ ನೀರು ತಳಕ್ಕೆ ಇಳಿಯುತ್ತದೆ. ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲೇ ಎಥನಾಲ್ ತಯಾರಾಗುತ್ತದೆ, ಇದು ನಿಮಗೆ ಗೊತ್ತಿಲ್ಲದ ವಿಷಯವಲ್ಲ. ಮತ್ತೆ ಮಾರುವಾಗ ಯಾಕೆ ಹೇಳಲಿಲ್ಲ?

ಇಷ್ಟಾದ ಮೇಲೆ ಜುಲೈ 9ರಂದು ನಿಮ್ಮ ಆಫೀಸಿನಿಂದ ಫೋನ್ ಬಂತು. ಹೊರಗಿನವರು ಬಿಚ್ಚಿದ್ದರಿಂದ ವಾರಂಟಿ ರದ್ದು ಅಂದರು. ನೀವು ಮತ್ತೆ ಬರಲಿಲ್ಲ, ಅದಕ್ಕೇ ಬೇರೆಯವರನ್ನು ಕರೆದೆ. ಹುಲ್ಲು ನಿಮಗಾಗಿ ಕಾಯುತ್ತದೆಯೇ?

ನನ್ನ 4,750 ರೂಪಾಯಿ ವಾಪಸ್ ಕೊಡಿ. ನಿಮ್ಮ ಬ್ಯಾಟರಿ ಒಯ್ದು ನನ್ನ ಹಳೆಯದನ್ನು ತಂದು ಹಾಕಿ, ಅದು ಚೆನ್ನಾಗಿಯೇ ಇತ್ತು. ಸೆಪ್ಟೆಂಬರಿನವರೆಗೆ ವಾರಂಟಿ ಇದೆ ಅಂತ ಬರೆದು ಕೊಡಿ. ಇನ್ನೊಂದು, ಮಷೀನ್ ನಿಲ್ಲಿಸುವ ಮುಂಚೆ ಟ್ಯಾಂಕ್ ಮತ್ತು ಕಾರ್ಬೊರೇಟರ್ ಖಾಲಿ ಮಾಡಬೇಕು ಅನ್ನುವುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ, ಕೊಂಡ ಎಲ್ಲರಿಗೂ ಕೊಡಿ. ನಮ್ಮೂರಿನಲ್ಲೇ ಇನ್ನೂ ಇಬ್ಬರು ನಿಮ್ಮ ಹತ್ತಿರ ಮಷೀನ್ ಕೊಂಡಿದ್ದಾರೆ.

15 ದಿನದೊಳಗೆ ಉತ್ತರ ಬಾರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಎರಡೂ ಬಿಲ್ಲುಗಳ ಪ್ರತಿ ಮತ್ತು ಬಟ್ಟಲಿನಲ್ಲಿ ನಿಂತ ನೀರಿನ ಫೋಟೋ ಜೊತೆಗೆ ಇಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ