ಪ್ಲಾಸ್ಟಿಕ್ ಬೇರಿಂಗ್ ತರಿಸುವ ಮುನ್ನ

ಎಲ್ಲರಿಗೂ ನಮಸ್ಕಾರ. ಪ್ಲೇಟಿಂಗ್ (ಲೋಹದ ಲೇಪನ) ವಿಭಾಗದ ತೊಟ್ಟಿಗಳ ರೋಲರುಗಳಿಗೆ ಇನ್ನು ಗ್ರೀಸ್ ಬೇಡದ ಪ್ಲಾಸ್ಟಿಕ್ ಬೇರಿಂಗ್ ಹಾಕೋಣ. ನಿನ್ನೆ ಬಿಚ್ಚಿದ ಉಕ್ಕಿನ ಬೇರಿಂಗ್ ನೋಡಿದಿರಲ್ಲ, ಗ್ರೀಸ್ ತೊಳೆದುಹೋಗಿ ಗುಂಡುಗಳು ತುಕ್ಕಿನಲ್ಲಿ ಕಚ್ಚಿಕೊಂಡಿದ್ದವು.

ಆದರೆ ‘ಪ್ಲಾಸ್ಟಿಕ್’ ಎಂದಷ್ಟೇ ಬರೆದು ಆರ್ಡರ್ ಕೊಡಬೇಡಿ. ಅಸಿಟಾಲ್ ಎಂಬ ಪ್ಲಾಸ್ಟಿಕ್ ಬರಿಯ ನೀರಿನಲ್ಲಿ ಚೆನ್ನಾಗಿ ಬಾಳುತ್ತದೆ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಳಾಗುತ್ತದೆ. ಆ ಆಮ್ಲದ ತೊಟ್ಟಿಗೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಬಳೆ (ಗುಂಡುಗಳು ಉರುಳುವ ಉಂಗುರ), ಗಾಜಿನ ಗುಂಡು ಇರಲಿ. ಸ್ಟೇನ್‌ಲೆಸ್ ಗುಂಡನ್ನೂ ಆ ಆಮ್ಲ ತಿನ್ನುತ್ತದೆ. ಹೈಡ್ರೋಫ್ಲೋರಿಕ್ ಆಮ್ಲ ಇರುವಲ್ಲಿ ಗಾಜು ಕೂಡದು. ನೈಲಾನ್ ನೀರು ಹೀರಿ ಉಬ್ಬುತ್ತದೆ, ನಮಗೆ ಅದು ಬೇಡವೇ ಬೇಡ.

ಭಾರ, ವೇಗ ಎರಡೂ ಕಡಿಮೆ ಇರುವ ಕಡೆ ಮಾತ್ರ ಹಾಕಿ. ಕೂರಿಸುವಾಗ ಸುತ್ತಿಗೆ ಮುಟ್ಟಿಸಬೇಡಿ. ದ್ರಾವಣ, ಉಷ್ಣತೆ, ಶಾಫ್ಟಿನ ಅಳತೆಯನ್ನು ಶನಿವಾರದೊಳಗೆ ಇಲ್ಲಿ ಬರೆಯಿರಿ.