ನನ್ನನ್ನು ತಿದ್ದಿದವರಿಗೆ: ಹ್ಯಾನ್‌ಬರಿ ಬೀದಿಯ ಸಾಕ್ಷಿಗಳೊಂದಿಗೆ ಮೂರು ವರ್ಷ

ಕಳೆದ ಭಾನುವಾರ ಸಂಜೆ ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಹನ್ನೊಂದು ಜನರ ಮುಂದೆ ಕೊನೆಯ ಅಧ್ಯಾಯವನ್ನು ಓದಿ ಮುಗಿಸಿದೆ. ಮೂರು ವರ್ಷಗಳಿಂದ ಹಿಡಿದಿದ್ದ ಕೆಲಸ ಅಂದಿಗೆ ಮುಗಿಯಿತು. 1888ರ ಸೆಪ್ಟೆಂಬರ್ 8ರ ಶನಿವಾರ ಬೆಳಿಗ್ಗೆ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಪ್ರದೇಶದಲ್ಲಿ, ಹ್ಯಾನ್‌ಬರಿ ಬೀದಿಯ 29ನೇ ಸಂಖ್ಯೆಯ ಮನೆಯ ಹಿತ್ತಲಲ್ಲಿ ಶವವಾಗಿ ಸಿಕ್ಕ ಆ್ಯನಿ ಚಾಪ್‌ಮನ್ ಎಂಬ ಹೆಣ್ಣುಮಗಳ ಸಾವಿನ ವಿಚಾರಣೆಯಲ್ಲಿ ಸಾಕ್ಷಿಗಳು ನುಡಿದದ್ದನ್ನೆಲ್ಲ ಕನ್ನಡಕ್ಕೆ ತಂದು, ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ತೂಗಿ ನೋಡುವುದು ಆ ಕೆಲಸವಾಗಿತ್ತು. ಕೊಂದವನು ಯಾರೆಂಬ ಪ್ರಶ್ನೆಗೆ ನಾನು ಕೈಹಾಕಲಿಲ್ಲ; ಅದಕ್ಕೆ ಉತ್ತರ ಹೇಳುವವರು ಜಗತ್ತಿನಲ್ಲಿ ಬೇಕಾದಷ್ಟಿದ್ದಾರೆ. ಆಕೆ ಸತ್ತದ್ದು ಎಷ್ಟು ಗಂಟೆಗೆ ಎಂಬ ಸಣ್ಣ ಪ್ರಶ್ನೆಯೇ ನನಗೆ ಮೂರು ವರ್ಷಕ್ಕೆ ಸಾಕಾಯಿತು. ಈ ಅವಧಿಯಲ್ಲಿ ನನಗೆ ನೆರವಾದವರಿಗೆ ಬಹಿರಂಗವಾಗಿ ವಂದಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಅವರಲ್ಲಿ ಹೆಚ್ಚಿನವರು ನೆರವಾದದ್ದು ನನ್ನ ಅಭಿಪ್ರಾಯವನ್ನು ಕೆಡವಿ ಹಾಕುವುದರ ಮೂಲಕ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಮೂವತ್ತೊಂದು ವರ್ಷ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರನಾಗಿದ್ದವನು. ನಮ್ಮ ಕಾಲದಲ್ಲೆಲ್ಲ ಸಾಕ್ಷಿಗೆ ಸಂಬಂಧಿಸಿದಂತೆ ನಡೆಯುತ್ತಿದ್ದುದು 1872ರ ಭಾರತೀಯ ಸಾಕ್ಷ್ಯ ಅಧಿನಿಯಮ. 2024ರ ಜುಲೈ 1ರಿಂದ ಹೊಸ ಕಾಯ್ದೆ ಅದರ ಜಾಗಕ್ಕೆ ಬಂದಿದೆ. ಆ ಹಳೆಯ ಕಾಯ್ದೆಯ ಕರಡನ್ನು ರಚಿಸಿದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್, ಹ್ಯಾನ್‌ಬರಿ ಬೀದಿಯ ಕೊಲೆ ನಡೆದ ವರ್ಷ ಇಂಗ್ಲೆಂಡಿನ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿ ಕುಳಿತಿದ್ದರು. ಈ ಪ್ರಕರಣ ಅವರ ಮುಂದೆ ಬರಲಿಲ್ಲ, ಏಕೆಂದರೆ ಯಾರ ಮುಂದೆಯೂ ಬರಲು ಆರೋಪಿಯೇ ಇರಲಿಲ್ಲ. ಆದರೂ ನನ್ನ ಇಡೀ ವೃತ್ತಿಜೀವನವನ್ನು ಆಳಿದ ಕಲಮುಗಳನ್ನು ಬರೆದ ಕೈ ಅದೇ ಊರಿನಲ್ಲಿ ಅದೇ ಶರತ್ಕಾಲದಲ್ಲಿ ತೀರ್ಪು ಬರೆಯುತ್ತಿತ್ತು ಎಂಬುದು ತಿಳಿದ ದಿನ, ಆ ದೂರದ ಹಿತ್ತಲು ನನಗೆ ಅಷ್ಟೊಂದು ಪರಕೀಯ ಎನ್ನಿಸಲಿಲ್ಲ.

ಸಮಸ್ಯೆ ಇಷ್ಟು. ಆ ಮನೆಯಲ್ಲಿ ಹದಿನೇಳು ಜನ ವಾಸವಾಗಿದ್ದರು. ಯಾರಿಗೂ ಏನೂ ಕೇಳಿಸಲಿಲ್ಲ. ಬೆಳಿಗ್ಗೆ 6 ಗಂಟೆಗೆ ಸ್ವಲ್ಪ ಮೊದಲು ಅಲ್ಲಿಯೇ ಬಾಡಿಗೆಗಿದ್ದ ಜಾನ್ ಡೇವಿಸ್ ಎಂಬ ಗಾಡಿಯವನು ಶವವನ್ನು ಕಂಡ. 6:30ರ ಹೊತ್ತಿಗೆ ಬಂದ ಪೊಲೀಸ್ ವೈದ್ಯ ಜಾರ್ಜ್ ಬ್ಯಾಗ್‌ಸ್ಟರ್ ಫಿಲಿಪ್ಸ್, ಸಾವು ಸಂಭವಿಸಿ ಕಡಿಮೆಯೆಂದರೂ ಎರಡು ಗಂಟೆಯಾಗಿದೆ, ಬಹುಶಃ ಇನ್ನೂ ಹೆಚ್ಚಾಗಿದೆ ಎಂದರು. ಎಂದರೆ 4:30 ಅಥವಾ ಅದಕ್ಕೂ ಮೊದಲು. ಆದರೆ ಆ ಮನೆಯಲ್ಲಿ ಪೆಟ್ಟಿಗೆ ತಯಾರಿಸುವ ವ್ಯವಹಾರ ನಡೆಸುತ್ತಿದ್ದ ಮಹಿಳೆಯ ಮಗ ಜಾನ್ ರಿಚರ್ಡ್‌ಸನ್, ತಾನು 4:45ರ ಸುಮಾರಿಗೆ ನೆಲಮಾಳಿಗೆಯ ಬೀಗ ನೋಡಲೆಂದು ಹಿಂಬಾಗಿಲಿಗೆ ಬಂದು, ಮೆಟ್ಟಿಲ ಮೇಲೆ ಕುಳಿತು, ಕಾಲಿಗೆ ಒತ್ತುತ್ತಿದ್ದ ಬೂಟಿನ ಚರ್ಮವನ್ನು ಕತ್ತರಿಸಿಕೊಂಡೆನೆಂದೂ, ಅಲ್ಲಿ ಶವವಿದ್ದರೆ ಕಾಣದೆ ಇರಲು ಸಾಧ್ಯವಿರಲಿಲ್ಲವೆಂದೂ ಪ್ರಮಾಣ ಮಾಡಿ ಹೇಳಿದ. ಪಕ್ಕದ 27ನೇ ಮನೆಯ ಬಡಗಿ ಆಲ್ಬರ್ಟ್ ಕ್ಯಾಡೋಶ್, 5:20ರ ಸುಮಾರಿಗೆ ತನ್ನ ಹಿತ್ತಲಿಗೆ ಹೋದಾಗ ‘ಬೇಡ’ ಎಂಬ ದನಿ ಕೇಳಿತೆಂದೂ, ಮೂರು ನಾಲ್ಕು ನಿಮಿಷ ಬಿಟ್ಟು ಮತ್ತೆ ಹೋದಾಗ ಹಲಗೆಯ ಬೇಲಿಗೆ ಏನೋ ತಗುಲಿ ಬಿದ್ದ ಸದ್ದಾಯಿತೆಂದೂ ಹೇಳಿದ. ಎಲಿಜಬೆತ್ ಲಾಂಗ್ ಎಂಬಾಕೆ ಮಾರುಕಟ್ಟೆಗೆ ಹೋಗುತ್ತಾ, ಬ್ರೂವರಿಯ ಗಡಿಯಾರ ಐದೂವರೆ ಬಾರಿಸಿದ ಹೊತ್ತಿಗೆ, ಅದೇ ಮನೆಯ ಮುಂದೆ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು ಮಾತನಾಡುತ್ತಾ ನಿಂತಿದ್ದನ್ನು ಕಂಡೆನೆಂದೂ, ಆ ಹೆಂಗಸೇ ಶವಾಗಾರದಲ್ಲಿ ತಾನು ನೋಡಿದವಳೆಂದೂ ಹೇಳಿದಳು. ಇವರೆಲ್ಲರ ಮಾತೂ ಒಟ್ಟಿಗೆ ನಿಜವಾಗಲಾರದು. ವೈದ್ಯರ ಮಾತು ಉಳಿದ ಮೂವರಿಗೆ ವಿರುದ್ಧ. ಕ್ಯಾಡೋಶ್ ಹೇಳಿದ ಹೊತ್ತು ಲಾಂಗ್ ಹೇಳಿದ ಹೊತ್ತಿಗೆ ವಿರುದ್ಧ, ಏಕೆಂದರೆ ಬೇಲಿಯ ಆಚೆ ಬಿದ್ದವಳು ಅದಾದ ಐದು ನಿಮಿಷಕ್ಕೆ ಬೀದಿಯಲ್ಲಿ ನಿಂತು ಮಾತನಾಡಲಾರಳು.

ನಾನು ಕೆಲಸ ಆರಂಭಿಸಿದಾಗ ವೈದ್ಯರ ಪಕ್ಷದಲ್ಲಿದ್ದೆ. ಇದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಸಂಕೋಚವಿದೆ, ಏಕೆಂದರೆ ಅದಕ್ಕೆ ಇದ್ದ ಕಾರಣ ಪುರಾವೆಯಲ್ಲ, ಅಭ್ಯಾಸ. ನ್ಯಾಯಾಲಯದಲ್ಲಿ ವೈದ್ಯರು ಬಂದರೆ ಕುರ್ಚಿ ಕೊಡುತ್ತಿದ್ದೆವು, ಕೂಲಿಯವನು ಬಂದರೆ ನಿಲ್ಲಿಸುತ್ತಿದ್ದೆವು. ಆ ಕುರ್ಚಿಯನ್ನು ನಾನು 1888ಕ್ಕೂ ಒಯ್ದಿದ್ದೆ. ಅದನ್ನು ಕಿತ್ತುಕೊಂಡವರು ನಮ್ಮ ಊರಿನ ಒಬ್ಬ ನಿವೃತ್ತ ವಿಧಿವೈದ್ಯಶಾಸ್ತ್ರದ ಪ್ರಾಧ್ಯಾಪಕರು. ಅವರು ಎರಡು ಮಧ್ಯಾಹ್ನ ನನ್ನನ್ನು ಕೂರಿಸಿಕೊಂಡು, ಕೈಯಿಂದ ಮುಟ್ಟಿ ದೇಹದ ಬಿಸಿಯನ್ನು ಅಂದಾಜು ಮಾಡುವುದರಲ್ಲಿ ಎಷ್ಟು ತಪ್ಪಿಗೆ ಅವಕಾಶವಿದೆ, ಕೃಶವಾದ ದೇಹ, ವಿಪರೀತ ರಕ್ತಸ್ರಾವ, ತೆರೆದ ಗಾಯ, ಬೆಳಗಿನ ತಂಪು ಇವೆಲ್ಲ ಸೇರಿದಾಗ ದೇಹ ಎಷ್ಟು ಬೇಗ ತಣ್ಣಗಾಗಬಹುದು, ಮರಣಾನಂತರದ ಬಿಗಿತ ಕೂಡ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಶುರುವಾಗುತ್ತದೆ ಎಂಬುದನ್ನು ಬಿಡಿಸಿ ಹೇಳಿದರು. ಆಮೇಲೆ ಫಿಲಿಪ್ಸ್ ಅವರ ಹೇಳಿಕೆಯನ್ನೇ ಮತ್ತೊಮ್ಮೆ ಓದಿಸಿದರು. ಅದರಲ್ಲಿ ಫಿಲಿಪ್ಸ್ ತಾವೇ, ಬೆಳಿಗ್ಗೆ ತಂಪಾಗಿತ್ತೆಂದೂ ರಕ್ತ ಹೆಚ್ಚು ಹೋದದ್ದರಿಂದ ದೇಹ ಬೇಗ ತಣ್ಣಗಾಗಿರಬಹುದೆಂದೂ ಸೇರಿಸಿದ್ದಾರೆ. ನಾನು ಆ ವಾಕ್ಯವನ್ನು ಅನುವಾದಿಸಿದ್ದೆ, ಆದರೆ ಓದಿರಲಿಲ್ಲ! ವೈದ್ಯರು ತಮ್ಮ ಮಾತಿಗೆ ತಾವೇ ಇಟ್ಟುಕೊಂಡ ಮಿತಿಯನ್ನು ಅವರ ಅಭಿಮಾನಿಯಾದ ನಾನು ಅಳಿಸಿಹಾಕಿದ್ದೆ. ಆ ಪ್ರಾಧ್ಯಾಪಕರಿಗೆ ನನ್ನ ಮೊದಲ ನಮಸ್ಕಾರ.

ರಿಚರ್ಡ್‌ಸನ್‌ನ ಮಾತು ಇನ್ನೂ ತೊಡಕಿನದು. ಘಟನೆಯ ದಿನ ಇನ್‌ಸ್ಪೆಕ್ಟರ್ ಜೋಸೆಫ್ ಚಾಂಡ್ಲರ್ ಎದುರು ಆತ ಬೂಟಿನ ವಿಷಯ ಹೇಳಿರಲಿಲ್ಲ. ಮೆಟ್ಟಿಲು ಇಳಿಯಲಿಲ್ಲವೆಂದಷ್ಟೇ ಹೇಳಿದ್ದನೆಂದು ಚಾಂಡ್ಲರ್ ವಿಚಾರಣೆಯಲ್ಲಿ ತಿಳಿಸಿದರು. ಸಾಲದ್ದಕ್ಕೆ, ತಾನು ಬಳಸಿದ ಚಾಕುವನ್ನು ತಂದು ತೋರಿಸಿದಾಗ ಅದು ಊಟದ ಮೇಜಿನ ಹಳೆಯ ಮೊಂಡು ಚಾಕು ಎಂದು ಕಂಡುಬಂತು, ಮತ್ತು ಅದರಿಂದ ಚರ್ಮ ಸರಿಯಾಗಿ ಕತ್ತರಿಸಲಾಗದೆ ಮಾರುಕಟ್ಟೆಯಲ್ಲಿ ಇನ್ನೊಂದು ಚಾಕುವನ್ನು ಕೇಳಿ ಪಡೆದೆನೆಂದು ಆತ ಹೇಳಿದ. ಹೇಳದೆ ಬಿಟ್ಟದ್ದು ಬೇರೆ, ವಿರುದ್ಧವಾಗಿ ಹೇಳಿದ್ದು ಬೇರೆ ಎಂಬ ವಾದವನ್ನು ನಮ್ಮ ವಕೀಲರ ಬಾಯಿಂದ ನಾನು ನೂರಾರು ಸಲ ಬರೆದುಕೊಂಡಿದ್ದೇನೆ. ಒಂದರಲ್ಲಿ ಸುಳ್ಳಾಡಿದವನು ಎಲ್ಲದರಲ್ಲೂ ಸುಳ್ಳುಗಾರ ಎಂಬ ನಿಯಮವನ್ನು ನಮ್ಮ ನ್ಯಾಯಾಲಯಗಳು ಒಪ್ಪಿಲ್ಲ. ಕಾಳು ಜೊಳ್ಳು ಬೇರ್ಪಡಿಸಬೇಕೆನ್ನುತ್ತವೆ. ಇಷ್ಟೆಲ್ಲ ಗೊತ್ತಿದ್ದೂ ಚಾಕುವಿನ ಕಥೆ ನನಗೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಮಾರುಕಟ್ಟೆಯ ಮೂಲೆಯಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರಿಗೆ ಅದನ್ನು ಒಪ್ಪಿಸಿದೆ. ಅವರು ನಕ್ಕು, ಕಾಲು ನೋಯುವವನು ಕೈಗೆ ಸಿಕ್ಕಿದ್ದರಲ್ಲೇ ಮೊದಲು ಕೆರೆಯುತ್ತಾನೆ, ಆಗದಿದ್ದಾಗ ಒಳ್ಳೆಯ ಕತ್ತಿ ಹುಡುಕುತ್ತಾನೆ, ತಮ್ಮ ಬಳಿ ಬರುವ ಗಿರಾಕಿಗಳಲ್ಲಿ ಅರ್ಧ ಜನ ಮನೆಯಲ್ಲಿ ಕೆಡಿಸಿಕೊಂಡೇ ಬರುತ್ತಾರೆ ಎಂದರು. ಕತ್ತರಿಸಿದೆ ಎಂಬುದೂ ಕತ್ತರಿಸಲಾಗಲಿಲ್ಲ ಎಂಬುದೂ ಒಬ್ಬನೇ ಮನುಷ್ಯನ ಒಂದೇ ಬೆಳಗಿನ ನಿಜವಾಗಿರಬಹುದು ಎಂದು ನನಗೆ ಹೊಳೆದದ್ದು ಅಲ್ಲಿ, ಅವರ ಅಂಗಡಿಯ ಮುಂದೆ ಒಂಟಿ ಕಾಲಿನಲ್ಲಿ ನಿಂತಿದ್ದಾಗ.

ಬಾಗಿಲಿನ ಪ್ರಶ್ನೆ ಉಳಿಯಿತು. ಆ ಹಿಂಬಾಗಿಲು ಎಡಕ್ಕೆ ತೆರೆದುಕೊಂಡು ತಾನಾಗಿ ಮುಚ್ಚಿಕೊಳ್ಳುವಂಥದು. ಶವವಿದ್ದದ್ದು ಮೆಟ್ಟಿಲಿನ ಎಡಕ್ಕೆ, ಬೇಲಿಗೂ ಮೆಟ್ಟಿಲಿಗೂ ನಡುವೆ. ಬಾಗಿಲೇ ಶವವನ್ನು ಮರೆಮಾಡಿರಬಹುದೆಂದು ಚಾಂಡ್ಲರ್ ಭಾವಿಸಿದ್ದರು. ನಮ್ಮ ಓಣಿಯ ಬಡಿಗೇರರು ತಮ್ಮ ಕೆಲಸ ಬಿಟ್ಟು, ಕೂಲಿಯನ್ನೂ ತೆಗೆದುಕೊಳ್ಳದೆ, ಹಳೆಯ ಪ್ಲೈವುಡ್‌ನಲ್ಲಿ ಒಂದು ಬಾಗಿಲು ಮಾಡಿ ನಮ್ಮ ಹಿತ್ತಲ ಮೆಟ್ಟಿಲಿಗೆ ಜೋಡಿಸಿಕೊಟ್ಟರು. ಎಡಗಡೆ ಜೋಳದ ಚೀಲವೊಂದನ್ನು ಉದ್ದಕ್ಕೆ ಮಲಗಿಸಿ, ಬೆಳಕು ಹರಿಯುವ ಮುನ್ನ ಒಬ್ಬೊಬ್ಬರಾಗಿ ಬಂದು ನಿಂತೆವು, ಕುಳಿತೆವು. ಮೇಲಿನ ಮೆಟ್ಟಿಲಲ್ಲಿ ನಿಂತವರಿಗೆ ಚೀಲ ಕಾಣಲಿಲ್ಲ. ನಡುವಿನ ಮೆಟ್ಟಿಲಲ್ಲಿ ಕುಳಿತು ಬೂಟಿನತ್ತ ಬಾಗಿದ ಎಲ್ಲರಿಗೂ ಕಂಡಿತು. ನಾನು ಗೆದ್ದೆನೆಂದು ಸಂಭ್ರಮಪಡುತ್ತಿದ್ದಾಗ ಬಡಿಗೇರರು, ‘ಇದು ನಾವು ಮಾಡಿದ ಬಾಗಲಾರಿ ಸಾಹೇಬ್ರ, ಅವರ ಮನೀ ಬಾಗಲಾ ಅಲ್ಲ’ ಎಂದರು. ತಾವು ಮಾಡಿದ ಕೆಲಸದಿಂದ ಏನು ಸಾಬೀತಾಗುವುದಿಲ್ಲ ಎಂಬುದನ್ನು ಅಷ್ಟು ಸ್ಪಷ್ಟವಾಗಿ ಹೇಳಿದ ತಜ್ಞ ಸಾಕ್ಷಿಯನ್ನು ನಾನು ನ್ಯಾಯಾಲಯದಲ್ಲಿ ಕಂಡಿರಲಿಲ್ಲ. ಕುಳಿತದ್ದು ನಿಜವಾದರೆ ಕಾಣಬೇಕಿತ್ತು, ನಿಂತೇ ಹೋಗಿದ್ದರೆ ಕಾಣದೆಯೂ ಇರಬಹುದಿತ್ತು ಎಂಬಷ್ಟಕ್ಕೆ ನನ್ನ ನೋಟ್‌ಬುಕ್ಕಿನ ಆ ಪುಟವನ್ನು ತಿದ್ದಿ ಬರೆದೆ.

ಲಂಡನ್ನಿನಲ್ಲಿರುವ ನನ್ನ ತಂಗಿಯ ಮಗಳು ಎರಡು ಸಲ ಆ ಬೀದಿಗೆ ಹೋಗಿ ಬಂದಳು. 29ನೇ ಮನೆ ಈಗಿಲ್ಲ. ಆ ಸಾಲಿನ ಮನೆಗಳನ್ನು ಕೆಡವಿದ ಜಾಗದಲ್ಲಿ ಟ್ರೂಮನ್ ಬ್ರೂವರಿಯ ಕಟ್ಟಡವಿದೆ. ಆದರೆ ಕ್ರೈಸ್ಟ್ ಚರ್ಚ್ ಇದೆ, ಮತ್ತು ಕೆಲಸಕ್ಕೆ ಹೋಗುತ್ತಾ ಅದರ ಗಡಿಯಾರದಲ್ಲಿ 5:32 ನೋಡಿದೆನೆಂದು ಕ್ಯಾಡೋಶ್ ಹೇಳಿದ್ದಾನೆ. ಅವಳು ನಡೆದು ನೋಡಿ ಐದಾರು ನಿಮಿಷವಾಯಿತೆಂದು ಬರೆದಳು. ಎಂದರೆ ಆತ ಮನೆ ಬಿಟ್ಟದ್ದು ಐದೂವರೆಗೆ ಮೂರು ನಾಲ್ಕು ನಿಮಿಷ ಮೊದಲು, ಮತ್ತು ಬೇಲಿಯ ಸದ್ದು ಅದಕ್ಕೂ ಹಿಂದಿನದು. ಹಾಗಾದರೆ ಲಾಂಗ್ ಕೇಳಿದ್ದು ಐದೂಕಾಲಿನ ಗಂಟೆಯಾಗಿರಬೇಕು ಎಂದು ಹೊಂದಿಸಿಬಿಡುವ ಆಸೆ ನನಗೂ ಆಯಿತು. ಹಲವರು ಹಾಗೆಯೇ ಹೊಂದಿಸಿದ್ದಾರೆ. ತಂಗಿಯ ಮಗಳು, ‘ಮಾಮಾ, ಆಕೆ ಐದೂವರೆ ಅಂದಿದ್ದಾಳೆ, ನೀನು ಆಕೆಯ ಬಾಯಲ್ಲಿ ಐದೂಕಾಲು ತುರುಕಬೇಡ’ ಎಂದು ಎರಡೇ ಸಾಲು ಬರೆದು ನನ್ನನ್ನು ತಡೆದಳು. ಸಾಕ್ಷಿಗಳನ್ನು ರಾಜಿ ಮಾಡಿಸುವುದು ತೂಗುವವನ ಕೆಲಸವಲ್ಲ. ನನ್ನ ಮಟ್ಟಿಗೆ ಲಾಂಗ್ ಅವರ ಗುರುತಿಸುವಿಕೆಯೇ ಎಲ್ಲಕ್ಕಿಂತ ಹಗುರ: ಆ ಬೀದಿಯಲ್ಲಿ ಅಂಥ ಜೋಡಿಗಳನ್ನು ಕಾಣುವುದು ವಿಶೇಷವಲ್ಲವೆಂದು ಆಕೆಯೇ ಹೇಳಿದ್ದಾಳೆ, ದಾರಿ ಸಾಗುತ್ತಾ ಒಂದು ಕ್ಷಣ ನೋಡಿದ ಮುಖವನ್ನು ನಾಲ್ಕು ದಿನದ ಬಳಿಕ ಶವವಾಗಿ ನೋಡಿ ಗುರುತಿಸಿದ್ದಾಳೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವವರು ನಾವು. ಆಕೆ ಸುಳ್ಳು ಹೇಳಿದಳೆಂದು ನಾನು ಎಲ್ಲಿಯೂ ಬರೆದಿಲ್ಲ. ಬೇರೆ ಯಾರನ್ನೋ ನೋಡಿರಬಹುದೆಂದು ಮಾತ್ರ ಬರೆದಿದ್ದೇನೆ.

ಇನ್ನು ನನ್ನ ಹೆಂಡತಿಯ ಬಗ್ಗೆ. ಎರಡನೆಯ ವರ್ಷ ನನ್ನ ಎರಡೂ ಕಣ್ಣಿಗೆ ಪೊರೆ ಬಂದು ಶಸ್ತ್ರಚಿಕಿತ್ಸೆಯಾಗುವವರೆಗೆ, ಸುಮಾರು ಐದು ತಿಂಗಳು, ಆಕೆಯೇ ಎಲ್ಲವನ್ನೂ ಓದಿ ಹೇಳಿದಳು. ಓದುತ್ತಾ ಓದುತ್ತಾ ಒಂದು ದಿನ, ‘ಇದನ್ನೆಲ್ಲ ಅಲ್ಲಿ ಕೂತು ಬರೆದುಕೊಂಡವರು ಯಾರು?’ ಎಂದು ಕೇಳಿದಳು. ಮೂವತ್ತೊಂದು ವರ್ಷ ಅದೇ ಕೆಲಸ ಮಾಡಿದ ನನಗೆ ಹೊಳೆಯದ ಪ್ರಶ್ನೆ ಅದು. ಚಾಪ್‌ಮನ್ ವಿಚಾರಣೆಯ ಮೂಲ ಕಾಗದಪತ್ರಗಳು ಉಳಿದಿಲ್ಲ. ನಮಗೆ ಸಿಗುವುದು ಪತ್ರಿಕೆಗಳ ವರದಿಗಾರರು ಬರೆದುಕೊಂಡದ್ದು ಮಾತ್ರ, ಮತ್ತು ಒಂದು ಪತ್ರಿಕೆಯ ವಾಕ್ಯ ಇನ್ನೊಂದರ ವಾಕ್ಯಕ್ಕೆ ಸರಿಹೊಂದುವುದಿಲ್ಲ. ಸಾಕ್ಷಿ ನುಡಿದದ್ದಕ್ಕೂ ಕಾಗದಕ್ಕೆ ಇಳಿದದ್ದಕ್ಕೂ ನಡುವೆ ನನ್ನಂಥವನೊಬ್ಬ ಕುಳಿತಿರುತ್ತಾನೆ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ, ನಾನು ಟೈಪ್ ಮಾಡಿದ ಹೇಳಿಕೆಗಳನ್ನು ನೆನೆದು.

ಆ್ಯನಿಯ ಬದುಕಿನಿಂದಲೇ ಮೊದಲ ಅಧ್ಯಾಯ ಶುರುವಾಗಬೇಕೆಂದು ಹಟ ಹಿಡಿದವಳೂ ಆಕೆಯೇ. ಗಂಡ ಕೋಚ್‌ಮನ್ ಆಗಿದ್ದ. ಬೇರೆಯಾದ ಮೇಲೆ ವಾರಕ್ಕೆ ಹತ್ತು ಶಿಲಿಂಗ್ ಕಳಿಸುತ್ತಿದ್ದ. 1886ರ ಡಿಸೆಂಬರಿನಲ್ಲಿ ಆತ ಸತ್ತು ಅದೂ ನಿಂತಿತು. ಕ್ರೋಶೆ ಹೆಣೆದು, ಹೂ ಮಾರಿ ಬದುಕುತ್ತಿದ್ದಳು, ಕಾಯಿಲೆ ಬಿದ್ದಿದ್ದಳು, ಆ ರಾತ್ರಿ ಹಾಸಿಗೆಯ ಬಾಡಿಗೆಗೆ ಕಾಸಿಲ್ಲದೆ ಡಾರ್ಸೆಟ್ ಬೀದಿಯ ವಸತಿಗೃಹದಿಂದ ಎರಡು ಗಂಟೆಯ ಸುಮಾರಿಗೆ ಹೊರಗೆ ಬಿದ್ದಳು. ಸಾಯುವ ಕೆಲ ದಿನಗಳ ಹಿಂದೆ ಒಂದು ಸಾಬೂನಿನ ತುಂಡಿಗಾಗಿ ಆಕೆ ಇನ್ನೊಬ್ಬಳೊಡನೆ ಜಗಳವಾಡಿದ್ದು ಯಾವ ದಿನವೆಂಬುದರಲ್ಲಿಯೂ ಬಲ್ಲವರ ಮಾತು ಒಂದಾಗುವುದಿಲ್ಲ.

ಕೊನೆಯದಾಗಿ, ನನ್ನ ಮಾತನ್ನು ಇಂದಿಗೂ ಒಪ್ಪದ ನಿವೃತ್ತ ಸಬ್ ಇನ್‌ಸ್ಪೆಕ್ಟರ್ ಮಿತ್ರರಿಗೆ. ಸೆಪ್ಟೆಂಬರ್ 26ರಂದು ಕೊರೊನರ್ (ಅಸಹಜ ಸಾವಿನ ವಿಚಾರಣೆ ನಡೆಸುವ ಅಧಿಕಾರಿ) ವಿನ್ ಬ್ಯಾಕ್ಸ್‌ಟರ್ ವಿಚಾರಣೆಯನ್ನು ಸಂಗ್ರಹಿಸಿ ಹೇಳುವಾಗ, ಜನರು ಹೇಳಿದ ಹೊತ್ತಿನಲ್ಲಿ ಚಿಕ್ಕಪುಟ್ಟ ತಪ್ಪುಗಳು ಸಹಜವೆಂದು ಭಾವಿಸಿ ಸಾಕ್ಷಿಗಳ ಕಡೆಗೆ ವಾಲಿದರು; ಜ್ಯೂರಿ ಅಜ್ಞಾತ ವ್ಯಕ್ತಿಯಿಂದ ಕೊಲೆಯೆಂದು ತೀರ್ಮಾನಿಸಿತು. ಆದರೆ ಅಕ್ಟೋಬರ್ 19ರ ವರದಿಯಲ್ಲಿ ಮುಖ್ಯ ಇನ್‌ಸ್ಪೆಕ್ಟರ್ ಡೊನಾಲ್ಡ್ ಸ್ವಾನ್ಸನ್, ವೈದ್ಯರು ಸರಿಯಾಗಿದ್ದರೆ ಲಾಂಗ್ ಅವರ ಸಾಕ್ಷ್ಯವನ್ನು ಅನುಮಾನದಿಂದಲೇ ನೋಡಬೇಕಾಗುತ್ತದೆ ಎಂದು ಬರೆದರು. ನಮ್ಮ ಮಿತ್ರರು ಸ್ವಾನ್ಸನ್ ಅವರ ಕಡೆ. ಬೇಲಿಯ ಸದ್ದು ಏನು ಬೇಕಾದರೂ ಆಗಿರಬಹುದು, ರಿಚರ್ಡ್‌ಸನ್ ತನ್ನ ಮೈಮೇಲೆ ಬರದಿರಲೆಂದು ಹೇಳಿಕೆಯನ್ನು ಬೆಳೆಸಿದ್ದಾನೆ ಎಂಬುದು ಅವರ ವಾದ. ನಾನು ಐದೂಕಾಲಿನಿಂದ ಐದೂವರೆಯ ನಡುವೆ ಎಂದು ಬರೆದ ಪುಟದ ಎದುರಿಗೆ ಅವರ ಭಿನ್ನಾಭಿಪ್ರಾಯಕ್ಕೆಂದು ನಾಲ್ಕು ಹಾಳೆ ಖಾಲಿ ಬಿಟ್ಟಿದ್ದೆ. ಭಾನುವಾರ ಓದು ಮುಗಿದ ಮೇಲೆ ಅವರು ಚಹಾ ಕುಡಿಯುತ್ತಾ ತಮ್ಮದೇ ಅಕ್ಷರದಲ್ಲಿ ಅದನ್ನು ಬರೆದರು, ಮತ್ತು ನಾಲ್ಕು ಹಾಳೆ ಸಾಲದೆ ಐದನೆಯದನ್ನು ಕೇಳಿದರು.